ನೂರಕ್ಕೆ ನೂರು ಅಂಕ ಬಂದ ದಿನಗಳು

2020ರ ಆ ಜುಮಾಗಳನ್ನು ನಾವಾರೂ ಮರೆತಿಲ್ಲ. ಅಝಾನ್ ಕೇಳುತ್ತಿತ್ತು, ಮಸೀದಿಯ ಗೇಟಿಗೆ ಬೀಗವಿತ್ತು, ನಾವು ಮನೆಯಲ್ಲೇ ಝೊಹರ್ ನಿರ್ವಹಿಸುತ್ತಿದ್ದೆವು. ಅದೇ ದಿನಗಳಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಬ್ಲಾವಟ್ನಿಕ್ ಸ್ಕೂಲ್‌ನ ತಂಡವೊಂದು ಇಂಥ ಬೀಗಗಳನ್ನು ಅಂಕಿಗಳಾಗಿ ಬರೆದುಕೊಳ್ಳುತ್ತಿತ್ತು. 180ಕ್ಕೂ ಹೆಚ್ಚು ದೇಶಗಳ ಸರಕಾರಗಳು ಯಾವ ದಿನ ಏನನ್ನು ಮುಚ್ಚಿದವು, ಏನನ್ನು ತೆರೆದವು ಎಂಬುದನ್ನು ನೂರಾರು ಸ್ವಯಂಸೇವಕರು 2022ರ ಕೊನೆಯವರೆಗೆ ದಾಖಲಿಸಿದರು.

ಕ್ರಮ ಸರಳ. ಶಾಲೆಗೆ ನಿರ್ಬಂಧ ಇಲ್ಲದಿದ್ದರೆ 0, ಮುಚ್ಚುವುದು ಒಳ್ಳೆಯದೆಂಬ ಸಲಹೆಗೆ 1, ಕೆಲವನ್ನು ಕಡ್ಡಾಯವಾಗಿ ಮುಚ್ಚಿದರೆ 2, ಎಲ್ಲವನ್ನೂ ಮುಚ್ಚಿದರೆ 3. ಜನ ಸೇರುವುದಕ್ಕೆ 4ರವರೆಗೆ ಅಂಕ. ಹತ್ತು ಅಥವಾ ಅದಕ್ಕಿಂತ ಕಡಿಮೆ ಮಂದಿಯ ಕೂಟಕ್ಕೂ ತಡೆ ಇದ್ದರೆ 4. ಹೀಗೆ ಒಂಬತ್ತು ವಿಷಯಗಳನ್ನು ಕೂಡಿಸಿ 100ಕ್ಕೆ ಇಷ್ಟು ಎಂದು ಬಿಗಿತದ ಸೂಚ್ಯಂಕ ಕಟ್ಟಿದರು.

ಇಂಥ ಹೋಲಿಕೆಯಿಂದ ಪ್ರಯೋಜನವೇನು? 1918ರ ಇನ್‌ಫ್ಲುಯೆಂಝಾ ಕಾಲದ ಎರಡು ಅಮೆರಿಕನ್ ನಗರಗಳನ್ನು ನೋಡಿ. ಫಿಲಡೆಲ್ಫಿಯಾದಲ್ಲಿ ರೋಗ ಕಾಣಿಸಿಕೊಂಡ ಮೇಲೂ ಸೆಪ್ಟೆಂಬರ್ 28ರಂದು ಯುದ್ಧಸಾಲದ ಮೆರವಣಿಗೆ ನಡೆಯಿತು, ಸುಮಾರು ಎರಡು ಲಕ್ಷ ಮಂದಿ ಸೇರಿದರು. ಶಾಲೆ, ಚರ್ಚು, ಥಿಯೇಟರುಗಳಿಗೆ ಬೀಗ ಬಿದ್ದದ್ದು ಅಕ್ಟೋಬರ್ 3ರಂದು. ಸೇಂಟ್ ಲೂಯಿಸ್ ನಗರವಾದರೋ ಮೊದಲ ಪ್ರಕರಣಗಳು ಕಂಡ ಎರಡೇ ದಿನಕ್ಕೆ, ಅಕ್ಟೋಬರ್ 7ರಂದು ಮುಚ್ಚಿತು. 2007ರಲ್ಲಿ ಸಂಶೋಧಕರು ಲೆಕ್ಕ ಹಾಕಿದಾಗ, ಅತ್ಯಂತ ಕೆಟ್ಟ ವಾರದಲ್ಲಿ ಲಕ್ಷ ಜನರಿಗೆ ಫಿಲಡೆಲ್ಫಿಯಾದಲ್ಲಿ 257 ಸಾವು, ಸೇಂಟ್ ಲೂಯಿಸ್‌ನಲ್ಲಿ 31. ಮುಚ್ಚುವುದರಲ್ಲಿ ಎರಡು ನಗರಗಳಿಗೂ ಹೆಚ್ಚು ವ್ಯತ್ಯಾಸವಿರಲಿಲ್ಲ. ವ್ಯತ್ಯಾಸ ಇದ್ದದ್ದು ದಿನಗಳಲ್ಲಿ.

ಸೌದಿ ಅರೇಬಿಯ 2020ರ ಫೆಬ್ರವರಿ 27ರಂದೇ ವಿದೇಶೀಯರ ಉಮ್ರಾ ನಿಲ್ಲಿಸಿತು. ಹಿಂದಿನ ವರ್ಷ 25 ಲಕ್ಷದಷ್ಟು ಮಂದಿ ಮಾಡಿದ್ದ ಹಜ್‌ಗೆ ಆ ಸಲ ಸುಮಾರು ಒಂದು ಸಾವಿರ ಮಂದಿಗಷ್ಟೇ ಅವಕಾಶ ಎಂದಾಗ ನಮ್ಮಲ್ಲಿ ಅನೇಕರು ಕಣ್ಣೀರಿಟ್ಟಿದ್ದರು.

ಇನ್ನು ನಮ್ಮ ದೇಶ. ಮಾರ್ಚ್ 24ರ ರಾತ್ರಿ ಎಂಟಕ್ಕೆ ಘೋಷಣೆ, ನಡುರಾತ್ರಿಯಿಂದಲೇ ಲಾಕ್‌ಡೌನ್. ಸೂಚ್ಯಂಕದಲ್ಲಿ ಭಾರತಕ್ಕೆ ನೂರಕ್ಕೆ ನೂರು ಅಂಕ. ಕೆಲವರು ಇದನ್ನು ಪರೀಕ್ಷೆಯ ಅಂಕವೆಂಬಂತೆ ಕೊಂಡಾಡಿದರು. ಅದು ಸರಕಾರದ ಆದೇಶ ಎಷ್ಟು ಬಿಗಿ ಎಂಬುದನ್ನು ಮಾತ್ರ ಹೇಳುತ್ತದೆ, ಆ ಆದೇಶ ಎಷ್ಟು ಫಲ ಕೊಟ್ಟಿತು ಎಂಬುದನ್ನಲ್ಲ. ತಯಾರಿಸಿದವರೇ ಇದನ್ನು ಹೇಳಿದ್ದರು.

ಅದೇ ದಾಖಲೆಯಲ್ಲಿ ಹೆಚ್ಚು ಮಂದಿ ನೋಡದ ಇನ್ನೊಂದು ಕಾಲಂ ಇತ್ತು: ದುಡಿಮೆ ಕಳೆದುಕೊಂಡವರಿಗೆ ಸರಕಾರ ಏನು ಕೊಟ್ಟಿತು? ಕಳೆದುಹೋದ ಸಂಬಳದ ಅರ್ಧಕ್ಕಿಂತ ಕಡಿಮೆ ಕೊಟ್ಟರೆ 1, ಅರ್ಧ ಅಥವಾ ಹೆಚ್ಚಾದರೆ 2. ಬ್ರಿಟನ್‌ನ ಬಿಗಿತದ ಅಂಕ ನಮಗಿಂತ ಕಡಿಮೆಯಿತ್ತು. ಆದರೆ ಅಲ್ಲಿ ಕೆಲಸ ನಿಂತ ನೌಕರರಿಗೆ ಒಂದು ಮಿತಿಯೊಳಗೆ ಸಂಬಳದ 80 ಶೇಕಡಾ ಸರಕಾರವೇ ಕೊಟ್ಟಿತು. ನಮ್ಮಲ್ಲಿ ಜನಧನ್ ಖಾತೆಯ ಮಹಿಳೆಯರಿಗೆ ಮೂರು ತಿಂಗಳು ತಲಾ 500 ರೂಪಾಯಿ, ರೇಷನ್ ಕಾರ್ಡಿನವರಿಗೆ ತಲಾ 5 ಕಿಲೋ ಧಾನ್ಯ. ದೇಶದ ಸಂಪತ್ತಿನಲ್ಲಿ ವ್ಯತ್ಯಾಸವಿದೆ, ಒಪ್ಪೋಣ. ಆದರೆ ಊರು ಬಿಟ್ಟು ಬಂದ ಕೂಲಿಯವನ ಕಾರ್ಡು ಊರಲ್ಲೇ ಇತ್ತು. ಅವನು ನಡೆದೇ ಹೊರಟ. ಮೇ ತಿಂಗಳಲ್ಲಿ ಶ್ರಮಿಕ್ ರೈಲು ಬಂದಾಗಲೂ ನಮ್ಮ ರಾಜ್ಯ ಸರಕಾರ ಅವನ್ನು ರದ್ದುಪಡಿಸಿ, ಟೀಕೆ ಬಂದ ಬಳಿಕವೇ ಮತ್ತೆ ಬಿಟ್ಟಿತು.

ಆಗ ಎಷ್ಟೋ ಜಮಾಅತ್‌ಗಳು ಜಾತಿ ಧರ್ಮ ನೋಡದೆ ಕಿಟ್ ಹಂಚಿದವು. ಯಾವ ಓಣಿಗೆ ಎಷ್ಟು, ಯಾವ ತಾರೀಕಿಗೆ ಎಂದು ಬರೆದ ನೋಟ್‌ಬುಕ್‌ಗಳು ಮಸೀದಿ ಆಫೀಸಿನ ಕಪಾಟಿನಲ್ಲಿ ಇನ್ನೂ ಇರಬಹುದು. ರದ್ದಿಗೆ ಹಾಕುವ ಮುನ್ನ ಒಮ್ಮೆ ಹುಡುಕಿ ನೋಡಿ.