ಅಧಿಕಾರ ಊರಬಾಗಿಲಿಗೆ ಬಂದ ಬಗೆ



1947ರಲ್ಲಿ ಕೆ.ಸಿ. ರೆಡ್ಡಿಯವರಿಂದ ಹಿಡಿದು 1983ರವರೆಗೆ ನಮ್ಮ ರಾಜ್ಯದಲ್ಲಿ ಮುಖ್ಯಮಂತ್ರಿಗಳಾದವರೆಲ್ಲ ಕಾಂಗ್ರೆಸ್ಸಿನವರೇ. ದೇವರಾಜ ಅರಸು ಅವರ ಕಾಲದಲ್ಲಿ, 1974ರ ಭೂಸುಧಾರಣೆಯಿಂದ ಗೇಣಿದಾರರಿಗೆ ಹೊಲ ಸಿಕ್ಕಿತು. ಆ ಉಪಕಾರ ಮರೆಯುವಂಥದ್ದಲ್ಲ. ಆದರೆ ಊರಿನ ಬಾವಿ, ಬೀದಿದೀಪಕ್ಕೂ ದೊಡ್ಡವರ ಬಾಗಿಲು ಕಾಯಬೇಕಿತ್ತು ಅಂತ ನಮ್ಮ ಹಿರಿಯರು ಹೇಳ್ತಾರೆ.

1983ರಲ್ಲಿ ರಾಮಕೃಷ್ಣ ಹೆಗಡೆಯವರ ಸರ್ಕಾರ ಬಂತು. ನಜೀರ್ ಸಾಬ್ ಅವರ ಶ್ರಮದಿಂದ 1987ರಲ್ಲಿ ಮಂಡಲ ಪಂಚಾಯ್ತಿ, ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆದು, ನೂರಕ್ಕೆ 25 ಸ್ಥಾನ ಹೆಂಗಸರಿಗೆ ಮೀಸಲಾಯಿತು. 1992ರಲ್ಲಿ ಅವಧಿ ಮುಗಿದಾಗ ಚುನಾವಣೆ ಬದಲು ಆಡಳಿತಾಧಿಕಾರಿಗಳು ಬಂದರು. 1993ರ ಕಾಯ್ದೆಯಿಂದ ಗ್ರಾಮ ಪಂಚಾಯ್ತಿ ಬಂತು.

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಸುತ್ತಿನ ನಮಗೆ ಇದು ಹಳೇ ಕತೆಯಲ್ಲ. 2007ರಲ್ಲಿ 110 ಹಳ್ಳಿಗಳು ಬಿಬಿಎಂಪಿಗೆ ಸೇರಿದವು. 2020ರಲ್ಲಿ ಕಾರ್ಪೊರೇಟರುಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಚರಂಡಿ ಕಟ್ಟಿದ್ರೆ ಯಾರನ್ನ ಕೇಳೋದು?

ಪಕ್ಷ ಯಾವುದಾದರೂ ಸರಿ, ಕೇಳುವವರಿಲ್ಲದಿದ್ದರೆ ಕೂತವರು ಕುರ್ಚಿ ಬಿಡೋದಿಲ್ಲ. 25 ವರ್ಷ ತುಂಬಿದ ನಮ್ಮ ಸಂಘಕ್ಕೂ ಇದೇ ಮಾತು. ನಿರ್ದೇಶಕರಾದ ನಮ್ಮನ್ನೂ ಸೇರಿಸಿಯೇ ಹೇಳ್ತಿದ್ದೀವಿ: ಮಹಾಸಭೆಗೆ ಬನ್ನಿ, ಲೆಕ್ಕ ಕೇಳಿ. ಸಹಿ ಹಾಕಿ, ಉಪ್ಪಿಟ್ಟು ತಿಂದು ಎದ್ದುಹೋಗಬೇಡಿ.