ಮಸಲ್ ಕಾರಿನ ಒಳಗಿನ ಹೊಲಿಗಿ

ಕೌದಿ ಬಗ್ಗೆ ಬರದಾಗ ನಿಮ್ಮೊಳಗ ಭಾಳ ಮಂದಿ "ಹೊಲಿಗಿ ಬಗ್ಗೆ ಇನ್ನೂ ಬರೀರಿ" ಅಂದಿದ್ರಿ. ಬರೀಲಿಕ್ಕೆ ಕೂತೀನಿ, ಆದ್ರ ಈ ಸಲ ಕಾರಿನ ಹೊಲಿಗಿ. "ಕಾರು ಗಂಡಸರ ಮಾತು, ನಮಗ್ಯಾಕ ವೈನಿ?" ಅಂತ ಮುಖ ತಿರುಗಸಬ್ಯಾಡ್ರಿ. ಎಂಜಿನ್ನಿನ ಗೊಡವಿಗೆ ನಾನು ಭಾಳ ಹೋಗಂಗಿಲ್ಲ. ಕಾರಿನ ಒಳಗಿನ ಸೀಟು, ಅದರ ಹೊದಿಕಿ, ಛತ್ತಿನ ಬಟ್ಟಿ, ಕಾಲ ಕೆಳಗಿನ ಹಾಸು, ಇವನ್ನ ಅಮೆರಿಕಾದ ಮಂದಿ ಐವತ್ತು ಅರವತ್ತು ವರ್ಷ ಆದ ಮ್ಯಾಲ ಮನ್ಯಾಗ ಕೂತು ಹೆಂಗ ಹೊಸದು ಮಾಡತಾರ, ಮೊದಲು ಅವನ್ನ ಹೊಲದವರು ಯಾರು, ಅಷ್ಟ ಹೇಳಾಕಿ.

ಮಸಲ್ ಕಾರು ಅಂದ್ರ ಏನು ಅಂತ ಮೊದಲ ಮುಗಸ್ತೀನಿ. ಮಸಲ್ ಅಂದ್ರ ತೋಳಿನ ಸ್ನಾಯು. ಸಾದಾ ಮನಿತನದವರು ಕೊಳ್ಳೋ ನಡುಗಾತ್ರದ ಕಾರಿನಾಗ ದೊಡ್ಡ ವಿ-8 ಎಂಜಿನ್ ಕೂಡಿಸಿದ್ರು, ಅದಕ್ಕ ಈ ಹೆಸರು ಬಂತು. 1964ರಾಗ ಪಾಂಟಿಯಾಕ್ ಕಂಪನಿ ತನ್ನ ಟೆಂಪೆಸ್ಟ್ ಲೆಮಾನ್ಸ್ ಕಾರಿಗೆ 389 ಘನ ಇಂಚಿನ ಎಂಜಿನ್ ಹಾಕಿ ಜಿಟಿಓ ಅಂತ ಹೆಸರಿಟ್ಟಿತು. ಕಾರಿನ ಬೆಲಿ ಮ್ಯಾಲ ಸುಮಾರು 295 ಡಾಲರ್ ಹೆಚ್ಚು ಕೊಟ್ರ ಸಿಗತಿತ್ತು. ಆ ವರ್ಷ 32,450 ಮಾರಿದ್ವು. ಅದೇ ವರ್ಷ ಏಪ್ರಿಲ್ 17ಕ್ಕ ಫೋರ್ಡ್ ಕಂಪನಿ ಮಸ್ಟಾಂಗ್ ತಂತು, 2,368 ಡಾಲರಿಗೆ. ಎರಡು ವರ್ಷದೊಳಗ ಹತ್ತು ಲಕ್ಷ ಮಸ್ಟಾಂಗ್ ತಯಾರಾದ್ವು. ಮುಂದ ವಿಮಾದವರು ಬೆಲಿ ಏರಿಸಿದ್ರು, 1970ರ ಹೊಗಿ ಕಾನೂನು ಬಂತು, 1973ಕ್ಕ ಪೆಟ್ರೋಲ್ ತುಟ್ಟಿ ಆತು, ಈ ಕಾರುಗಳ ಕಾಲ ಮುಗೀತು. ಎಂಜಿನ್ ಮಾತು ಇಲ್ಲಿಗೆ ಸಾಕು.

ಈ ಕಾರುಗಳ ಒಳಗ ಬಹುತೇಕ ಚರ್ಮ ಇರಲಿಲ್ಲ. ಇದ್ದದ್ದು ವಿನೈಲ್, ನಾವು ರೆಗ್ಜಿನ್ ಅನ್ನೋವಂಥಾದ್ದು. ಪಾಂಟಿಯಾಕ್‌ನವರು ತಮ್ಮ ವಿನೈಲ್‌ಗೆ ಮೊರೊಕೈಡ್ ಅಂತ ಚಂದನ ಹೆಸರು ಇಟ್ಟಿದ್ರು, ಯಾವುದೋ ದೇಶದ ಚರ್ಮ ಅನಸಬೇಕು ಹಂಗ. ನೌಗಾಹೈಡ್ ಅಂತ ಇನ್ನೊಂದು ಇತ್ತು. ಕನೆಕ್ಟಿಕಟ್‌ನ ನೌಗಟಕ್ ಅನ್ನೋ ಊರಾಗ ಹುಟ್ಟಿದ್ದಕ್ಕ ಆ ಹೆಸರು. ಅದರ ಜಾಹೀರಾತಿನವರು ಅರವತ್ತರ ದಶಕದಾಗ ನೌಗಾ ಅನ್ನೋ ಇಲ್ಲದ ಪ್ರಾಣಿ ಒಂದನ್ನ ಹುಟ್ಟಿಸಿ, ಇದು ತಾನಾಗೇ ಚರ್ಮ ಕಳಚಿ ಕೊಡತದ ಅಂತ ಮಂದೀನ್ನ ನಗಿಸಿದ್ರು.

ವಿನೈಲ್ ಅಂದ್ರ ಮೂಲದಾಗ ನಮ್ಮ ನಳದ ಪಿವಿಸಿ ಪೈಪೇ. ಹಂಗ ಬಿಟ್ರ ಕಟ್ಟಿಗಿಯಂಗ ಬಿರುಸು. ಗುಡ್‌ರಿಚ್ ಅನ್ನೋ ರಬ್ಬರ್ ಕಂಪನಿಯ ವಾಲ್ಡೋ ಸೀಮನ್ 1926ರಾಗ ಅದಕ್ಕ ಎಣ್ಣಿಯಂಥಾ ದ್ರವ ಕೂಡಿಸಿ ಮೆತ್ತಗ ಮಾಡೋ ದಾರಿ ಕಂಡುಹಿಡದ್ರು. ಬಟ್ಟಿ ಮ್ಯಾಲ ಆ ಮೆತ್ತನ ಪದರ ಬಳದ್ರ ಸೀಟಿನ ರೆಗ್ಜಿನ್ ಆತು. ಅದರ ಕೇಡೂ ಅಲ್ಲೇ ಅದ. ಆ ಎಣ್ಣಿ ಬಿಸಲಾಗ ನಿಧಾನಕ ಹೊರಗ ಬರತದ. ಕಾರು ಬಿಸಲಾಗ ನಿಂತ್ರ ಮುಂದಿನ ಗಾಜಿನ ಒಳಗ ಜಿಡ್ಡಿನ ಮಂಜು ಕೂಡತದಲ್ಲ, ಅದರಾಗ ಈ ಎಣ್ಣಿದೂ ಪಾಲು ಇರತದ. ಎಣ್ಣಿ ಹೋದಂಗ ವಿನೈಲ್ ಹಪ್ಪಳ ಆಗತದ. ಮೊದಲ ಹರಿಯೋದು ಹೊಲಿಗಿ ಸಾಲಿನಾಗ, ಯಾಕಂದ್ರ ಅಲ್ಲಿ ಸೂಜಿ ತೂತು ಅಂಚೆ ಚೀಟಿ ಅಂಚಿನಂಗ ಸಾಲಾಗಿ ಇರತಾವ. ನಮ್ಮ ಊರ ರಿಕ್ಷಾ ಸೀಟು ಎಲ್ಲಿ ಹರದಿರತದ ನೆನಪು ಮಾಡಕೊಳ್ರಿ.

ಮಿಶಿಗನ್‌ನಾಗ ಮಗಳ ಮನ್ಯಾಗ ಇದ್ದಾಗ ಪಕ್ಕದ ಮನಿ ಗ್ಯಾರೇಜಿನಾಗ 1969ರ ಜಿಟಿಓ ಒಂದನ್ನ ಒಳಗಿಂದ ಪೂರಾ ಬಿಚ್ಚಿ ಇಟ್ಟಿದ್ರು. ಗಂಡ ಹೆಂಡತಿ ಇಬ್ಬರೂ ಎಪ್ಪತ್ತು ದಾಟಿದವರು. ಎಂಜಿನ್ ಅವರು ಎಂದೋ ಸರಿ ಮಾಡಿದ್ರಂತ. ಸೀಟಿಗೆ ಮಾತ್ರ ಹತ್ತು ವರ್ಷ ಕೈ ಹಚ್ಚಿರಲಿಲ್ಲ, "ಅದು ಕಷ್ಟದ ಕೆಲಸ" ಅಂತ. ಆ ಮಾತು ಕೇಳಿ ನನಗ ಒಳಗ ಖುಷಿ ಆತು, ಸುಳ್ಳ ಯಾಕ ಹೇಳ್ಲಿ.

ಸೀಟು ನೆಲದಿಂದ ಬಿಚ್ಚೋದು ನಾಲ್ಕು ಬೋಲ್ಟಿನ ಕೆಲಸ, ಆದ್ರ ಜಂಗು ಹಿಡದಿರತಾವ, ಹಿಂದಿನ ದಿನಾನ ಎಣ್ಣಿ ಬಿಡಬೇಕು. ಹೊದಿಕೀನ್ನ ಸೀಟಿನ ಕಬ್ಬಿಣದ ಚೌಕಟ್ಟಿಗೆ ಹಿಡದಿರೋದು ಹಾಗ್ ರಿಂಗ್ ಅನ್ನೋ ಸಣ್ಣ ತಂತಿ ಬಳಿ. ಹಂದಿ ಮೂಗಿಗೆ ಹಾಕೋ ಬಳಿ ಇದ್ದಂಗ ಅಂತ ಆ ಹೆಸರು. ಒಂದೊಂದೇ ಇಕ್ಕಳದಿಂದ ಕತ್ತರಿಸಿ ತಗೀಬೇಕು. ಹೊದಿಕಿ ತಗದ್ರ ಅರಳಿ ಪದರ ಅಥವಾ ಫೋಮ್, ಅದರ ಕೆಳಗ ಗೋಣಿತಟ್ಟು, ಅದರ ಕೆಳಗ ಸ್ಪ್ರಿಂಗು. ಕೊಟ್ಟಿಗಿಯೊಳಗ ವರ್ಷಗಟ್ಟಲೆ ನಿಂತ ಕಾರಾದ್ರ ಅರಳಿಯೊಳಗ ಇಲಿ ಸಂಸಾರ ಮಾಡಿರತದ. ಗಾದಿ ಬಿಚ್ಚಿ ಅರಳಿ ಹಿಂಜಿಸಿದವರಿಗೆ ಇದ್ಯಾವುದೂ ಹೊಸದಲ್ಲ. ಸ್ಪ್ರಿಂಗಿನ ಜಂಗು ತಿಕ್ಕಿ ಬಣ್ಣ ಹಚ್ಚಿ, ಹೊಸ ಗೋಣಿತಟ್ಟು ಕಟ್ಟಿ, ಫೋಮ್ ಕೂಡಿಸಿ, ಹೊಸ ಹೊದಿಕೀನ್ನ ಬಿಸಲಿಗೆ ಹಾಕಿ ಬೆಚ್ಚಗ ಮಾಡಕೊಂಡು ಎಳದು ತೊಡಿಸಬೇಕು. ಹೊದಿಕಿ ಒಳಮಗ್ಗಲಿಗೆ ಲಂಗದ ನಾಡಿ ಮನಿಯಂಥಾ ಸಣ್ಣ ಕೊಳವಿ ಹೊಲದಿರತಾರ, ಅದರಾಗ ತಂತಿ ತೂರಿಸಿ, ಆ ತಂತಿಗೆ ಬಳಿ ಹಾಕಿ ಕೆಳಗ ಜಗ್ಗಿದ್ರನ ಸೀಟಿನ ನಡುವಿನ ತಗ್ಗು ಬರೋದು. ಬಳಿ ಹಾಕೋದು ನಡುವಿನಿಂದ ಅಂಚಿಗೆ. ಅಂಚಿನಿಂದ ಶುರು ಮಾಡಿದ್ರ ನಡುವ ಬುಗ್ಗಿ ಎದ್ದು ಕೂಡತದ. ವಿನೈಲ್ ಫೋಮಿಗೆ ಅಂಟಿ ಸರಿಯಂಗಿಲ್ಲ ಅಂತ ನಡುವ ಲಾಂಡ್ರಿಯ ತೆಳ್ಳನ ಪ್ಲಾಸ್ಟಿಕ್ ಹಾಳಿ ಇಡತಾರ, ಸುಳಕ್ಕಂತ ಒಳಗ ಹೋಗತದ. ಹಳೆ ಹೊದಿಕಿ ಮಾತ್ರ ಹೊಸದು ಕೂಡೋತನಕ ಬಿಸಾಡಂಗಿಲ್ಲ, ಅಳತಿ ಎಲ್ಲ ಅದರಾಗನ ಇರತದ.

ಸೀಟು ಬಿಚ್ಚಿದವರಿಗೆ ಒಂದೊಂದು ಸಲ ಒಂದು ಕಾಗದ ಸಿಗತದ. ಅದನ್ನ ಬಿಲ್ಡ್ ಶೀಟ್ ಅಂತಾರ. ಈ ಕಾರಿಗೆ ಯಾವ ಬಣ್ಣ, ಯಾವ ಸೀಟು, ಯಾವ ರೇಡಿಯೋ ಅಂತ ಕಾರ್ಖಾನಿಯೊಳಗ ಕಳಿಸಿದ ಚೀಟಿ. ಕೆಲಸ ಮುಗದ ಮ್ಯಾಲ ಅದು ಸೀಟಿನ ಸ್ಪ್ರಿಂಗಿನೊಳಗೋ ಹಾಸಿನ ಕೆಳಗೋ ಉಳದುಬಿಡತಿತ್ತು. ಜನರಲ್ ಮೋಟರ್ಸ್ ಮತ್ತ ಕ್ರೈಸ್ಲರ್ ಕಾರಿನೊಳಗ ಇವು ಸಿಗತಾವ. ಅಂದು ಕಸ, ಇಂದು ಬಂಗಾರ: ಆ ಚೀಟಿ ಇದ್ದ ಕಾರಿಗೆ ಕಿಮ್ಮತ್ತು ಹೆಚ್ಚು. ಕಾರಿನ ಒಳಗ ನೋಡಿ ಕಾಲಾನೂ ಓದಬಹುದು. ರಾಲ್ಫ್ ನೇಡರ್ ಅನ್ನೋ ವಕೀಲರು 1965ರಾಗ ಕಾರು ಕಂಪನಿಗಳ ಬೇಪರ್ವಾಯಿ ಬಗ್ಗೆ ಪುಸ್ತಕ ಬರದ್ರು, ಮರುವರ್ಷ ಸುರಕ್ಷತಾ ಕಾನೂನು ಬಂತು. 1968ರ ಜನವರಿ 1ರಿಂದ ಸೀಟ್ ಬೆಲ್ಟು, 1969ರ ಜನವರಿ 1ರಿಂದ ಮುಂದಿನ ಸೀಟಿಗೆ ತಲಿದಿಂಬು ಕಡ್ಡಾಯ ಆದ್ವು. ಹಿಂಗಾಗಿ 1969ರ ಮಾಡೆಲ್ಲಿನೊಳಗ ತಲಿದಿಂಬು ಇಲ್ಲದ ಕಾರೂ ಇರತಾವ, ಇದ್ದದ್ದೂ ಇರತಾವ.

ಕಾರಿನ ಮೈಮ್ಯಾಲ ಒಂದು ಸಣ್ಣ ತಗಡಿನ ಪಟ್ಟಿ ಇರತದ, ಫಿಶರ್ ಬಾಡಿ ಅನ್ನೋ ಹೆಸರಿಂದು. ಜನರಲ್ ಮೋಟರ್ಸ್ ಕಾರುಗಳ ಮೈ ಮಾಡತಿದ್ದ ವಿಭಾಗ ಅದು. ಒಳಗಿನ ಬಟ್ಟಿಯ ಬಣ್ಣದ ನಂಬರು ಅದರ ಮ್ಯಾಲ ಅದ. ಹೊಲದಾಕಿ ಯಾರು ಅಂತ ಎಲ್ಲಿಯೂ ಇಲ್ಲ.

ಹೊಲಿಯೋದು ಇರಲಿ, ಒಳಗ ಹೆಂಗ ಕಾಣಬೇಕು ಅಂತ ಗೆರಿ ಹಾಕೋ ಕೆಲಸಕ್ಕ ಹೆಣ್ಣಮಕ್ಕಳು ಬಂದದ್ದೂ ಒಂದು ಕಥಿನ. ಐವತ್ತರ ದಶಕದಾಗ ಜನರಲ್ ಮೋಟರ್ಸ್‌ನ ಹಾರ್ಲಿ ಅರ್ಲ್ ಕೆಲವು ಡಿಸೈನ್ ಕಲಿತ ಹೆಣ್ಣಮಕ್ಕಳನ್ನ ಕೆಲಸಕ್ಕ ತಗೊಂಡ್ರು. ಕಾರಿನ ಹೊರಮೈ ಅವರ ಕೈಗೆ ಕೊಡಲಿಲ್ಲ, ಒಳಗಿಂದು ಮಾತ್ರ. ಪ್ರಚಾರಕ್ಕ ಅವರನ್ನ "ಡ್ಯಾಮ್ಸೆಲ್ಸ್ ಆಫ್ ಡಿಸೈನ್" ಅಂತ ಕರದ್ರು, ಡಿಸೈನಿನ ಕುಮಾರಿಯರು ಅಂದಂಗ. ಅವರಿಗೆ ಆ ಹೆಸರು ಸೇರತಿರಲಿಲ್ಲ. 1958ರ ಕಡಿಗೆ ಅರ್ಲ್ ನಿವೃತ್ತರಾದ್ರು, ಹಿಂದ ಬಂದವರಿಗೆ ಇವರು ಬ್ಯಾಡಾದ್ರು, ಬಹಳಷ್ಟು ಮಂದಿ ಬಿಟ್ಟು ಹೋದ್ರು. ಸುಜಾನ್ ವಾಂಡರ್‌ಬಿಲ್ಟ್ ಅನ್ನೋವರು ಮಾತ್ರ 1977ರ ತನಕ ಅಲ್ಲೇ ನಿಂತ್ರು. ಗಂಡಸರು ಹೆಂಗಸರಿಗಂತ ಕಾರು ಮಾಡಿದ್ರ ಹೆಂಗಿರತದ ಅನ್ನೋದಕ್ಕ 1955ರ ಡಾಜ್ ಲಾ ಫೆಮ್ ನೋಡಬೇಕು: ಗುಲಾಬಿ ಬಣ್ಣ, ಸೀಟಿನ ತುಂಬ ಗುಲಾಬಿ ಮೊಗ್ಗಿ, ಜೋಡಿ ಪರ್ಸು, ಲಿಪ್‌ಸ್ಟಿಕ್ ಡಬ್ಬಿ, ಛತ್ರಿ. ಎರಡು ವರ್ಷದಾಗ ನಿಂತುಹೋತು. ಯಾರು ಕೇಳಿದ್ರೋ ಛತ್ರೀನ!

ಇನ್ನ ಹೊಲದವರ ಮಾತು. ಮಸಲ್ ಕಾರಿನಕಿಂತ ಮೂವತ್ತು ವರ್ಷ ಹಿಂದ ಹೋಗಬೇಕು. ಮಿಶಿಗನ್‌ನ ಫ್ಲಿಂಟ್ ಊರಾಗ ಫಿಶರ್ ಬಾಡಿಯ ಒಂದನೇ ನಂಬರ್ ಕಾರ್ಖಾನಿಯೊಳಗ ಬಟ್ಟಿ ಕತ್ತರಿಸಿ ಹೊಲಿಯೋ ವಿಭಾಗದಾಗ ಹೆಣ್ಣಮಕ್ಕಳು ಕೆಲಸ ಮಾಡತಿದ್ರು. 1936ರ ಡಿಸೆಂಬರ್ 30ಕ್ಕ ಅಲ್ಲಿ ಕೆಲಸಗಾರರು ಕಾರ್ಖಾನಿಯೊಳಗನ ಕೂತು ಮುಷ್ಕರ ಹೂಡಿದ್ರು. ರಾತ್ರಿ ಗಂಡಸರ ಜೋಡಿ ಹೆಂಗಸರು ಒಳಗ ಇದ್ರ ಮಂದಿ ಏನಂದಾರು ಅಂತ ಹೆಣ್ಣಮಕ್ಕಳನ್ನ ಹೊರಗ ಕಳಿಸಿದ್ರು. ಹೊರಗ ಬಂದವರು ಸುಮ್ಮನ ಕೂಡಲಿಲ್ಲ. ಕೆಲಸಗಾರರ ಹೆಂಡಂದಿರು, ಅಕ್ಕತಂಗ್ಯಾರು ಎಲ್ಲ ಕೂಡಿ ಅಡಗಿ ಮಾಡಿ ಒಳಗ ಮುಟ್ಟಿಸಿದ್ರು. ಜೆನೋರಾ ಜಾನ್ಸನ್ ಅನ್ನೋ 23 ವರ್ಷದ ಹೆಣ್ಣಮಗಳು ಕೆಂಪು ಟೋಪಿಯ ಒಂದು ದಂಡು ಕಟ್ಟಿದ್ಲು, ವಿಮೆನ್ಸ್ ಎಮರ್ಜೆನ್ಸಿ ಬ್ರಿಗೇಡ್ ಅಂತ. ಮುಂದ ಷೆವ್ರೊಲೆ ಕಾರ್ಖಾನಿಯೊಳಗ ಅಶ್ರುವಾಯು ಬಿಟ್ಟಾಗ ಅವರು ಕಿಟಕಿ ಗಾಜು ಒಡದು ಒಳಗಿದ್ದವರಿಗೆ ಉಸರು ಕೊಟ್ರು. 44 ದಿನಕ್ಕ, 1937ರ ಫೆಬ್ರುವರಿ 11ಕ್ಕ, ಕಂಪನಿ ಯೂನಿಯನ್ನನ್ನ ಒಪ್ಪಿಕೊಂಡಿತು.

ಹೊಲಿಗಿಯವರ ಹೆಸರಲೇ ನಡದ ಮುಷ್ಕರ ಬೇಕಂದ್ರ ಫೋರ್ಡ್ ಕಂಪನಿಯ ಇಂಗ್ಲೆಂಡ್ ಕಾರ್ಖಾನಿಗೆ ಹೋಗಬೇಕು, ಲಂಡನ್ ಮಗ್ಗಲದ ಡ್ಯಾಗನಮ್‌ಗೆ. ವರ್ಷ 1968, ಅಮೆರಿಕಾದಾಗ ಮಸ್ಟಾಂಗ್ ಮೆರೀತಿದ್ದ ಕಾಲ. ಅಲ್ಲಿ 187 ಹೆಣ್ಣಮಕ್ಕಳು ಸೀಟಿನ ಹೊದಿಕಿ ಹೊಲೀತಿದ್ರು. ಕೆಲಸಕ್ಕ ಸೇರಬೇಕಾದ್ರ ಮಿಶಿನ್ ಮ್ಯಾಲ ಹೊಲದು ತೋರಿಸೋ ಪರೀಕ್ಷಾ. ಆದ್ರ ಕಂಪನಿ ಕೆಲಸಗಳಿಗೆ ದರ್ಜಿ ಹಚ್ಚುವಾಗ ಇವರಿಗೆ ಕುಶಲ ಕೆಲಸದ "ಸಿ" ಬಿಟ್ಟು, ಕೆಳಗಿನ "ಬಿ" ಕೊಟ್ಟಿತು. ಅದರಾಗ ಮತ್ತ ಹೆಂಗಸರು ಅಂತ ಆ ದರ್ಜಿಯ ಗಂಡಸರ ಪಗಾರದ 85 ಪರ್ಸೆಂಟ್ ಅಷ್ಟ. ಜೂನ್ 7ಕ್ಕ ಮಿಶಿನ್ ನಿಲ್ಲಿಸಿ ಎದ್ದು ಬಂದ್ರು. ಸೀಟಿನ ಹೊದಿಕಿ ಇಲ್ಲದ ಕಾರು ಹೊರಗ ಹೋಗೋದಾದ್ರೂ ಹೆಂಗ? ಕಾರ್ಖಾನಿ ನಿಂತಿತು. ಮೂರು ವಾರಕ್ಕ ಬಾರ್ಬರಾ ಕ್ಯಾಸಲ್ ಅನ್ನೋ ಮಂತ್ರಿ ಇವರನ್ನ ಕರದು ಚಹಾ ಕೊಟ್ಟು ಮಾತಾಡಿದ್ರು, ಪಗಾರ 92 ಪರ್ಸೆಂಟಿಗೆ ಏರಿತು. 1970ರಾಗ ಆ ದೇಶದ ಸಮಾನ ವೇತನ ಕಾನೂನು ಬಂತು. ಈ ಕಥಿ ಮ್ಯಾಲ 2010ರಾಗ ಸಿನಿಮಾನೂ ಆತು. ಆದ್ರ ನನಗ ಮನಸಿಗೆ ಹತ್ತಿದ್ದು ಬ್ಯಾರೆ: ಅವರು ಎದ್ದಿದ್ದು ನಮ್ಮ ಕೆಲಸ ಕುಶಲ ಕೆಲಸ ಅಂತ ಒಪ್ಪಿಕೊಳ್ರಿ ಅಂತ. ಆ "ಸಿ" ದರ್ಜಿ ಸಿಕ್ಕದ್ದು ಇನ್ನೊಂದು ಮುಷ್ಕರ ಆದ ಮ್ಯಾಲ, 1984ರಾಗ. ರೊಕ್ಕ ಬ್ಯಾಗನ ಬರತದ, "ನಿನಗ ಕೆಲಸ ಬರತದ" ಅನ್ನೋ ಮಾತು ಬರಲಿಕ್ಕೆ 16 ವರ್ಷ ಹಿಡೀತು.

ಮತ್ತ ಗ್ಯಾರೇಜಿಗೆ ಬರೋಣ. ಇಂದು ಹಳೆ ಕಾರಿನವರು ಹೊದಿಕೀನ್ನ ತಾವ ಪೂರಾ ಹೊಲಿಯೋದು ಕಡಿಮಿ. ಅರವತ್ತರ ದಶಕದ ಭಾಳ ಸೀಟುಗಳ ಮ್ಯಾಲಿನ ಗೆರಿ ಸೂಜಿಯಿಂದ ಬಂದದ್ದಲ್ಲ, ವಿದ್ಯುತ್ ತರಂಗದ ಶಾಖಕ್ಕ ಅಚ್ಚು ಒತ್ತಿ ವಿನೈಲನ್ನ ಬೆಸದದ್ದು. ಮಸ್ಟಾಂಗಿನ ಸೀಟಿನ ಬೆನ್ನ ಮ್ಯಾಲ ಓಡೋ ಕುದುರಿ ಸಾಲು ಅದಲ್ಲ, ಅದೂ ಒತ್ತಿದ್ದ. ಅದನ್ನ ಮನಿ ಮಿಶಿನ್ನಿನ್ಯಾಗ ಮಾಡಾಕ ಬರಂಗಿಲ್ಲ. ಹಳೆ ಮಾದರಿಯಂಗ ತಯಾರಾದ ಹೊದಿಕಿ ತರಿಸಿ ತೊಡಸ್ತಾರ. ಪಕ್ಕದ ಮನಿಯಾಕಿ ಮಾತ್ರ ಬಾಗಲ ಅಂಚಿನ ಹಗ್ಗದ ಗೋಟು ತನ್ನ ಹಳೆ ಮಿಶಿನ್ ಮ್ಯಾಲನ ಹೊಲಿದ್ಲು. ನಾನು ಕೂತು ನೋಡಿದೆ. ನಮ್ಮ ದಿಂಬಿನ ಪೈಪಿಂಗ್ ಹೆಂಗೋ ಹಂಗ.

ಒಳಗಿನ ಕೆಲಸಕ್ಕ ಒಂದು ಕ್ರಮ ಅದ, ಮ್ಯಾಲಿಂದ ಕೆಳಗ. ಮೊದಲು ಛತ್ತಿನ ಬಟ್ಟಿ. ಅದನ್ನ ಅಡ್ಡ ಬಿಲ್ಲಿನಂಥಾ ಕಬ್ಬಿಣದ ಕಡ್ಡಿ ಎತ್ತಿ ಹಿಡದಿರತಾವ, ಒಂದೊಂದರ ಬಾಗು ಬ್ಯಾರೆ. ಬಿಚ್ಚುವಾಗನ ನಂಬರು ಬರದು ಇಡಬೇಕು, ಇಲ್ಲಾಂದ್ರ ಯಾವುದು ಎಲ್ಲಿಂದು ಅಂತ ಹುಡುಕೋದರಾಗ ದಿನಾ ಹೋಗತದ. ಕಡಿಗೆ ಹಾಸು, ಅದರ ಮ್ಯಾಲ ಸೀಟು. ಹಳೆ ಹಾಸು 80 ಪಾಲು ರೇಯಾನ್, 20 ಪಾಲು ನೈಲಾನ್ ನೂಲಿನ ಸುರುಳಿ ನೇಯ್ಗಿ. ಅದರ ಕೆಳಗ ನೆಲದ ತಗಡು ಜಂಗಿಗೆ ತೂತು ಬಿದ್ದಿದ್ರ ಮೊದಲು ಅದನ್ನ ತೇಪಿ ಹಾಕಿಸಬೇಕು. ಛತ್ತಿನ ಬಟ್ಟಿ ಅಂಚಿಗೆ ಗೋಂದು ಹಚ್ಚುವಾಗ ಇಬ್ಬರು ಬೇಕು, ಒಬ್ಬರು ಜಗ್ಗಾಕ, ಒಬ್ಬರು ಕ್ಲಿಪ್ಪು ಹಾಕಾಕ. ಆಮ್ಯಾಲೂ ಸಣ್ಣ ನಿರಿಗಿ ಉಳದ್ರ ಅವಸರ ಮಾಡಬಾರದು. ಗಾಜು ಏರಿಸಿ ಕಾರನ್ನ ಎರಡು ದಿನ ಬಿಸಲಾಗ ನಿಲ್ಲಿಸಿದ್ರ ಅವು ತಾವ ಹೋಗತಾವ.