ಹಿಡಿಮಣ್ಣನ್ನು ಬೇಡಿದ ಹುಡುಗಿ

ಪಾಠಶಾಲೆಯಲ್ಲಿ ಕೆಲಸ ಮಾಡಿದವರೆಲ್ಲರೂ ಬಲ್ಲ ಒಂದು ಮಗುವಿದೆ. ಬೇಡಿದುದು ಕೂಡಲೆ ಕೈಗೆ ಬಾರದಿದ್ದರೆ ಅದು ನೆಲದ ಮೇಲೆ ಹೊರಳುವುದು, ಕೈಯಲ್ಲಿದ್ದುದನ್ನು ಬೀಸಿ ಎಸೆಯುವುದು. ಅನ್ಯರು ತೊಡಿಸದ ಹೊರತು ಪಾದರಕ್ಷೆಯನ್ನೂ ತೊಡಲರಿಯದು. ಸಿರಿವಂತರ ಮನೆಯ ಕೂಸು, ಅತಿಯಾದ ಮುದ್ದಿನಿಂದ ಕೆಟ್ಟಿದೆ ಎಂದು ನಾವು ಉಪಾಧ್ಯಾಯರು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟುಬಿಡುತ್ತೇವೆ. ಈ ತೀರ್ಪು ಎಷ್ಟರಮಟ್ಟಿಗೆ ಸರಿ? ಮೇರಿ ಲೆನಾಕ್ಸ್ ಎಂಬ ಹುಡುಗಿಯ ಚರಿತ್ರೆಯನ್ನು ಬಲ್ಲವರಿಗೆ ಈ ವಿಷಯದಲ್ಲಿ ಸಂದೇಹ ಹುಟ್ಟದೆ ಇರದು.

ಮೇರಿ ಕಲ್ಪಿತ ಪಾತ್ರ. ಅವಳನ್ನು ಸೃಷ್ಟಿಸಿದವರು ಫ್ರಾನ್ಸಿಸ್ ಹಾಡ್ಜ್‌ಸನ್ ಬರ್ನೆಟ್ ಎಂಬ ಲೇಖಕಿ. ಇವರು 1849ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಜನಿಸಿ, 1865ರಲ್ಲಿ ಕುಟುಂಬದೊಡನೆ ಅಮೆರಿಕಕ್ಕೆ ವಲಸೆ ಹೋದರು. ಮುಂದೆ ಇಂಗ್ಲೆಂಡಿನ ಕೆಂಟ್ ಪ್ರಾಂತದ ಮೇಥಮ್ ಹಾಲ್ ಎಂಬ ಮನೆಯಲ್ಲಿ ಕೆಲವು ಕಾಲ ವಾಸವಾಗಿದ್ದರು. ಅಲ್ಲಿನ ಗೋಡೆ ಸುತ್ತಿದ ಗುಲಾಬಿ ತೋಟವು ಅವರ ಮನಸ್ಸಿನಲ್ಲಿ ಉಳಿದು, 1911ರಲ್ಲಿ ‘ದಿ ಸೀಕ್ರೆಟ್ ಗಾರ್ಡನ್’ ಎಂಬ ಕಾದಂಬರಿಯಾಗಿ ಅರಳಿತು.

ಎಂಬತ್ತು ವರ್ಷಗಳ ತರುವಾಯ, 1991ರ ಏಪ್ರಿಲ್ 25ರಂದು, ಈ ಕಥೆ ನ್ಯೂಯಾರ್ಕಿನ ಬ್ರಾಡ್ವೇ ರಂಗಭೂಮಿಯಲ್ಲಿ ಸಂಗೀತ ನಾಟಕವಾಗಿ ಅವತರಿಸಿತು. ನಮ್ಮ ಹಳೆಯ ಕಂಪನಿ ನಾಟಕಗಳಲ್ಲಿರುವಂತೆ ಅಲ್ಲಿಯೂ ಮಾತಿನ ನಡುವೆ ಹಾಡು ಹೊಮ್ಮುತ್ತದೆ. ನಾಟಕವನ್ನೂ ಗೀತಗಳನ್ನೂ ರಚಿಸಿದವರು ಮಾರ್ಷಾ ನಾರ್ಮನ್, ಸಂಗೀತ ಲೂಸಿ ಸೈಮನ್, ನಿರ್ದೇಶನ ಸೂಸನ್ ಶುಲ್ಮನ್, ರಂಗಸಜ್ಜೆ ಹೈಡಿ ಲ್ಯಾಂಡೆಸ್‌ಮನ್, ನಾಲ್ವರೂ ಮಹಿಳೆಯರು. 1993ರ ಜನವರಿಯಲ್ಲಿ ಮುಗಿಯುವಷ್ಟರಲ್ಲಿ 709 ಪ್ರದರ್ಶನಗಳಾಗಿದ್ದವು. ಮೇರಿಯ ಪಾತ್ರ ವಹಿಸಿದ ಡೈಸಿ ಈಗನ್ ತನ್ನ ಹನ್ನೊಂದನೆಯ ವಯಸ್ಸಿನಲ್ಲಿಯೇ ಅಮೆರಿಕದ ರಂಗಭೂಮಿಯ ಶ್ರೇಷ್ಠ ಮನ್ನಣೆಯಾದ ಟೋನಿ ಪ್ರಶಸ್ತಿಯನ್ನು ಪಡೆದಳು.

ಇನ್ನು ಕಥೆಗೆ ಬರೋಣ. ಮೇರಿ ಹುಟ್ಟಿ ಬೆಳೆದುದು ನಮ್ಮ ಭಾರತದಲ್ಲಿಯೇ. ತಂದೆ ಆಂಗ್ಲ ಅಧಿಕಾರಿ. ತಾಯಿ ಔತಣ ವಿನೋದಗಳಲ್ಲಿ ಮುಳುಗಿದ ಸುಂದರಿ. ಆಕೆಗೆ ಹೆಣ್ಣುಮಗು ಬೇಕಿರಲಿಲ್ಲ. ಕೂಸು ಹುಟ್ಟಿದೊಡನೆ ಅದನ್ನು ಆಯಾಳ ಕೈಗೊಪ್ಪಿಸಿ, ತನ್ನ ಕಣ್ಣಿಗೆ ಬೀಳದಂತೆ ನೋಡಿಕೊಳ್ಳಬೇಕೆಂದು ಕಟ್ಟಪ್ಪಣೆ ಮಾಡಿದಳು. ಮಗು ಅತ್ತರೆ ದೊರೆಸಾನಿಗೆ ಸಿಟ್ಟು; ದೊರೆಸಾನಿಗೆ ಸಿಟ್ಟು ಬಂದರೆ ಆಯಾಳ ಅನ್ನಕ್ಕೆ ಸಂಚಕಾರ. ಆದುದರಿಂದ ಮಗು ಕೇಳಿದುದನ್ನೆಲ್ಲ ಕೊಡಬೇಕು, ಹೊಡೆದರೆ ಹೊಡೆಸಿಕೊಳ್ಳಬೇಕು. ಆರು ವರ್ಷ ತುಂಬುವಷ್ಟರಲ್ಲಿ ಮೇರಿ ಪುಟ್ಟ ಸರ್ವಾಧಿಕಾರಿಯಾಗಿದ್ದಳು. ಓದು ಕಲಿಸಲು ಬಂದ ಉಪಾಧ್ಯಾಯಿನಿ ಮೂರು ತಿಂಗಳಿಗೇ ಕೆಲಸ ಬಿಟ್ಟು ಓಡಿದಳು.

ವಾಚಕರು ಇಲ್ಲಿ ಒಂದಂಶವನ್ನು ಗಮನಿಸಬೇಕು. ಈ ಮಗುವಿಗೆ ಯಾರೂ ಮುದ್ದು ಮಾಡಲಿಲ್ಲ. ಅದಕ್ಕೆ ದೊರೆತುದು ಹೆದರಿಕೆಯಿಂದ ಹುಟ್ಟಿದ ವಿಧೇಯತೆ. ದೊರೆತನದ ಆ ದಿನಗಳಲ್ಲಿ ಎಷ್ಟೋ ಆಂಗ್ಲ ಕುಟುಂಬಗಳು ಮಕ್ಕಳ ಪಾಲನೆಗೆ ಆಯಾಗಳನ್ನೇ ನೆಚ್ಚಿದ್ದವು. ಹಡಗಿನಲ್ಲಿ ಸ್ವದೇಶಕ್ಕೆ ಮರಳುವಾಗಲೂ ಅವರನ್ನು ಜೊತೆಗೆ ಕರೆದೊಯ್ಯುವುದಿತ್ತು. ಅಲ್ಲಿ ಕೆಲಸ ತೀರಿದ ಮೇಲೆ ಕೆಲವರನ್ನು ನಡುಬೀದಿಯಲ್ಲಿ ಕೈಬಿಟ್ಟುದೂ ಉಂಟು. ಅಂಥವರಿಗೆ ಆಶ್ರಯವಾಗಿ ‘ಆಯಾಗಳ ನಿಲಯ’ವೊಂದು ಲಂಡನ್ನಿನಲ್ಲಿತ್ತು; 1900ರಲ್ಲಿ ಅದು ಹ್ಯಾಕ್ನಿ ಭಾಗಕ್ಕೆ ಸ್ಥಳಾಂತರವಾಯಿತು. 2022ರಲ್ಲಿ ಅಲ್ಲಿ ಸ್ಮಾರಕ ಫಲಕವನ್ನಿಡಲಾಯಿತು. ಮೇರಿಯ ಆಯಾಳನ್ನು ಕಾದಂಬರಿ ಬಹುಮಟ್ಟಿಗೆ ‘ಆಯಾ’ ಎಂದೇ ಕರೆಯುತ್ತದೆ. ದೊರೆಯ ಮಗುವನ್ನು ಹಗಲಿರುಳು ಎತ್ತಿಕೊಂಡು ತಿರುಗಿದ ಅವಳ ಸ್ವಂತ ಮಕ್ಕಳು ಎಲ್ಲಿದ್ದರು, ಅವರನ್ನು ಎತ್ತಿಕೊಂಡವರು ಯಾರು? ಕಥೆ ಅದನ್ನು ಹೇಳುವುದಿಲ್ಲ.

ಇಂತಿರಲು ಕಾಲರಾ ಬಂದಿತು. ನಾಟಕವು ಇದನ್ನು 1906ರ ಘಟನೆಯೆಂದು ತೋರಿಸುತ್ತದೆ. ಕಾಲರಾದ ರೋಗಾಣುವನ್ನು ರಾಬರ್ಟ್ ಕಾಖ್ 1884ರಲ್ಲಿಯೇ ಕಲ್ಕತ್ತೆಯಲ್ಲಿ ಗುರುತಿಸಿದ್ದರೂ, ಆ ಜ್ಞಾನವು ಕೆರೆ ಬಾವಿಗಳವರೆಗೆ ಇನ್ನೂ ತಲಪಿರಲಿಲ್ಲ. ತಂದೆ, ತಾಯಿ, ಆಯಾ ಎಲ್ಲರೂ ಗತಿಸಿದರು. ಮನೆಯಲ್ಲಿ ಒಬ್ಬಳೇ ಉಳಿದ ಬಾಲಕಿಯನ್ನು ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿದ್ದ ಸೋದರ ಸಂಬಂಧದ ಶ್ರೀಮಂತನ ಮನೆಗೆ ಕಳುಹಿಸಿದರು. ಅಲ್ಲಿನ ಸೇವಕಿ ಮಾರ್ಥಾ, ಇಷ್ಟು ದೊಡ್ಡ ಹುಡುಗಿ ತನ್ನ ಉಡುಪನ್ನು ತಾನೇ ತೊಡಲಾರಳೇ ಎಂದು ಮುಚ್ಚುಮರೆಯಿಲ್ಲದೆ ಅಚ್ಚರಿಪಟ್ಟಳು. ತನಗೆ ಹೆದರದ ಮನುಷ್ಯರನ್ನು ಮೇರಿ ಕಂಡುದು ಅದೇ ಮೊದಲು.

ಮೇರಿಯ ಕೆಡುಕಿಗೆ ಭಾರತದ ಬಿಸಿಲನ್ನೂ ಇಲ್ಲಿಯ ಆಳುಗಳ ದಾಸ್ಯಬುದ್ಧಿಯನ್ನೂ ಕಾರಣವಾಗಿ ಸೂಚಿಸುವ ಒಲವು ಕಾದಂಬರಿಯಲ್ಲಿ ಅಲ್ಲಲ್ಲಿ ಕಾಣುತ್ತದೆ. ನಮಗೆ ಅದು ಸಹಜವಾಗಿಯೇ ಕಹಿ. ಆದರೆ ಆ ಕಾದಂಬರಿಯೇ ತನ್ನ ಮಾತಿಗೆ ಪ್ರತ್ಯುತ್ತರವನ್ನೂ ಕೊಡುತ್ತದೆ. ಅದೇ ಮನೆಯ ಒಳಕೋಣೆಯಲ್ಲಿ ಶ್ರೀಮಂತನ ಮಗ ಕಾಲಿನ್ ಮಲಗಿರುತ್ತಾನೆ. ಹೆಂಡತಿಯ ಮರಣದಿಂದ ನೊಂದ ತಂದೆ ಮಗನ ಮುಖವನ್ನು ನೋಡಲಾರ. ಹುಡುಗ ಕಿರಿಚಿದರೆ ಮನೆಯೆಲ್ಲ ನಡುಗುತ್ತದೆ. ಆಳುಗಳು ಅವನು ಹೇಳಿದಂತೆ ಕುಣಿಯುತ್ತಾರೆ. ಅವನು ಭಾರತವನ್ನು ಕಂಡವನಲ್ಲ. ಅವನ ಆಳುಗಳೆಲ್ಲರೂ ಆಂಗ್ಲರು. ಆದರೂ ಅವನು ಮೇರಿಯ ಪಡಿಯಚ್ಚು. ಎರಡು ದೇಶ, ಎರಡು ಹವೆ, ಫಲ ಮಾತ್ರ ಒಂದೇ. ಹೆತ್ತವರು ಮುಖ ತಿರುಗಿಸಿ, ಆಳುಗಳು ಅಂಜಿ ಬದುಕುವ ಮನೆ ಯಾರ್ಕ್‌ಷೈರಿನಲ್ಲಿರಲಿ, ನಮ್ಮ ಊರಿನ ಜಮೀನುದಾರರ ತೊಟ್ಟಿಯಲ್ಲಿರಲಿ, ಇಂಥ ಮಗುವೇ ಅಲ್ಲಿ ಬೆಳೆಯುವುದು.

ಕಾಲಿನ್ನನ ಕಿರಿಚಾಟವನ್ನು ನಿಲ್ಲಿಸಿದವಳು ಮೇರಿ. ತಾನೂ ಅವನಷ್ಟೇ ಗಟ್ಟಿಯಾಗಿ ಕೂಗಿ, ಅವನ ರೋಗ ಬಹುಪಾಲು ಭಯದ್ದೆಂದು ಮುಖಕ್ಕೆ ಹೇಳಿದಳು. ನಾಟಕದಲ್ಲಿ ಇನ್ನೊಂದು ಸ್ವಾರಸ್ಯವಿದೆ. ಮೇರಿಯನ್ನು ದೂರದ ವಸತಿಶಾಲೆಗೆ ಅಟ್ಟಲು ಹಂಚಿಕೆ ನಡೆದು, ಅಲ್ಲಿನ ಮುಖ್ಯೋಪಾಧ್ಯಾಯಿನಿ ಬಂದಾಗ, ಮೇರಿ ಬೇಕೆಂದೇ ಹಳೆಯ ರಂಪವನ್ನು ಹೂಡಿ ಆಕೆಯನ್ನು ಓಡಿಸುತ್ತಾಳೆ. ಒಂದು ಕಾಲಕ್ಕೆ ಹಿಡಿತವಿಲ್ಲದ ದುರ್ಗುಣವಾಗಿದ್ದುದು ಈಗ ಅವಳ ಕೈಯ ಆಯುಧ.

ನಾಟಕದ ತಿರುಳು ಮಾತ್ರ ಬೇರೊಂದು ಸನ್ನಿವೇಶದಲ್ಲಿದೆ. ನಿನಗೇನು ಬೇಕೆಂದು ದೊಡ್ಡಪ್ಪ ಕೇಳುತ್ತಾನೆ. ಗೊಂಬೆಯೆಂದಿದ್ದರೆ ಗೊಂಬೆ ಬರುತ್ತಿತ್ತು. ಮೇರಿ ಕೇಳುವುದು ಒಂದಿಷ್ಟು ನೆಲವನ್ನು, ಬೀಜ ಬಿತ್ತುವಷ್ಟು ಮಣ್ಣನ್ನು. ಅವನು ವಿಸ್ಮಿತನಾಗಿ ಅದನ್ನೇ ಚಿಂತಿಸುತ್ತ ಹಾಡುತ್ತಾನೆ. ಆಜ್ಞೆಗೆ ಆಳುಗಳು ಅಂಜಿಯಾರು, ಬೀಜ ಅಂಜದು. ರಂಪ ಮಾಡಿದರೆ ಮೊಳೆಯದು. ನೀರೆರೆದು ಕಾದರೆ ಮಾತ್ರ ಮೊಳೆಯುವುದು. ಹತ್ತು ವರ್ಷ ಯಾರೂ ಕಲಿಸದ ಪಾಠವನ್ನು ಆ ಹುಡುಗಿಗೆ ಮಣ್ಣು ಕಲಿಸಿತು. ಕೊನೆಗೆ ಆ ತೋಟದಲ್ಲಿಯೇ ಕಾಲಿನ್ ಎದ್ದು ನಡೆಯುತ್ತಾನೆ. ಅವನ ಆರೋಗ್ಯಕ್ಕಾಗಿ ಮಕ್ಕಳು ಹಾಡುವಾಗ, ಕಾಲರಾದಲ್ಲಿ ಮಡಿದ ಆಯಾಳೂ ಒಬ್ಬ ಫಕೀರನೂ ಛಾಯಾರೂಪದಲ್ಲಿ ಬಂದು ದನಿಗೂಡಿಸುತ್ತಾರೆ. ಕಾದಂಬರಿಯಲ್ಲಿ ಏಟು ತಿಂದು ಮರೆಯಾದವಳಿಗೆ ನಾಟಕವು ಕಂಠವನ್ನು ಕೊಟ್ಟಿದೆ.

ತರಬೇತಿಯ ದಿನಗಳಲ್ಲಿ ನಾವೆಲ್ಲರೂ ಫ್ರೋಬೆಲ್ ಮಹಾಶಯನ ಹೆಸರನ್ನು ಉರುಹೊಡೆದಿದ್ದೇವೆ. 1837ರಲ್ಲಿ ಜರ್ಮನಿಯಲ್ಲಿ ಎಳೆಯರ ಶಾಲೆಯನ್ನು ತೆರೆದು, 1840ರಲ್ಲಿ ಅದನ್ನು ಶಿಶುಗಳ ತೋಟವೆಂದು ಕರೆದವನು ಅವನು. ಪ್ರತಿ ಮಗುವಿಗೂ ತನ್ನದೇ ಆದ ಒಂದು ಪುಟ್ಟ ಪಾತಿ ಇರಬೇಕೆಂಬುದು ಅವನ ಮತ. ಪರೀಕ್ಷೆಗೆ ಬರೆದು ಮರೆತ ಆ ವಾಕ್ಯದ ಅರ್ಥ ನನಗೆ ಹೊಳೆದುದು ಮೇರಿಯಿಂದ.

ಗಿಡವಾಗಿ ಬಗ್ಗದುದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ನಾವು ಬೆತ್ತ ಹಿಡಿದು ಹೇಳುವುದೇ ಹೆಚ್ಚು. ಗಿಡ ಬಗ್ಗುವ ಮುನ್ನ ಅದಕ್ಕೆ ಬೇರೂರಲು ನೆಲ ಬೇಕು. ತರಗತಿಯ ಹಟಮಾರಿ ಮಗುವಿಗೆ ಎಲ್ಲವೂ ದೊರೆತಿದೆ ಎಂದು ನಿರ್ಣಯಿಸುವ ಮೊದಲು, ಅದಕ್ಕೆ ಯಾವುದು ದೊರೆತಿಲ್ಲವೆಂದು ಒಮ್ಮೆ ವಿಚಾರಿಸೋಣ. ಶಾಲೆಯ ಹಿಂಬದಿಯಲ್ಲಿ ಒಂದು ಪಾತಿಯಷ್ಟು ಜಾಗ ಬಹುಶಃ ನಮ್ಮೆಲ್ಲರಲ್ಲಿಯೂ ಇದ್ದೀತು.